512 ಬೈಟಿನಲ್ಲಿ ಮಳವಳ್ಳಿ

ಕಂಪ್ಯೂಟರಿನ ಗುಂಡಿ ಒತ್ತಿದ ಮೇಲೆ ಉಬುಂಟುವಿನ ಚಿಹ್ನೆ ಮೂಡುವ ತನಕ ಪರದೆ ಕೆಲವು ಕ್ಷಣ ಕಪ್ಪಗಿರುತ್ತದಲ್ಲ, ಆ ಹೊತ್ತಿನಲ್ಲಿ ಒಳಗೆ ನಡೆಯುವ ಕೆಲಸವನ್ನು ನಾವೇ ಬರೆದು ನೋಡೋಣ. ಆಪರೇಟಿಂಗ್ ಸಿಸ್ಟಂ ಇರುವುದು ಡಿಸ್ಕಿನಲ್ಲಿ. ಡಿಸ್ಕನ್ನು ಓದುವ ವಿದ್ಯೆ ಇರುವುದು ಆಪರೇಟಿಂಗ್ ಸಿಸ್ಟಂನಲ್ಲಿ. ಹಾಗಾದರೆ ಮೊದಲು ಓದುವವರು ಯಾರು? ವಿದ್ಯುತ್ ಜಾಲಕ್ಕೂ ಇಂಥದೇ ತೊಡಕಿದೆ. ಗ್ರಿಡ್ ಪೂರ್ತಿ ಬಿದ್ದುಹೋದಾಗ ಜಲವಿದ್ಯುತ್ ಕೇಂದ್ರಗಳನ್ನು ಮೊದಲು ಎಬ್ಬಿಸುತ್ತಾರೆ. ಒಂದಿಷ್ಟು ಬ್ಯಾಟರಿ, ಒಂದು ಸಣ್ಣ ಜನರೇಟರ್ ಇದ್ದರೆ ಗೇಟು ತೆಗೆದು ಟರ್ಬೈನ್ ತಿರುಗಿಸಬಹುದು. ಆ ಕರೆಂಟಿನಿಂದ ಮಿಕ್ಕ ಕೇಂದ್ರಗಳು ಏಳುತ್ತವೆ. 1902ರಿಂದ ಶಿವನಸಮುದ್ರದಲ್ಲಿ ವಿದ್ಯುತ್ ತೆಗೆಯುತ್ತಿರುವ ಮಳವಳ್ಳಿ ತಾಲ್ಲೂಕಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬೂಟ್‌ಲೋಡರ್ ಎಂಬ ಪುಟ್ಟ ಕಾರ್ಯಕ್ರಮ ಆ ಸಣ್ಣ ಜನರೇಟರಿನ ಜಾಗದಲ್ಲಿದೆ; ಆಪರೇಟಿಂಗ್ ಸಿಸ್ಟಂ ಎಬ್ಬಿಸುವುದು ಅದೇ.

ನಮ್ಮ ಗುರಿ ಎರಡು. ಯಂತ್ರ ಏಳುತ್ತಿದ್ದಂತೆ ಪರದೆಯ ಮೇಲೆ ಕನ್ನಡದಲ್ಲಿ ‘ಮಳವಳ್ಳಿ’ ಎಂದು ಮೂಡಬೇಕು. ಅದಾದ ಮೇಲೆ ಎಕ್ಸ್‌ವಿ6 ಎಂಬ ಓಪನ್ ಸೋರ್ಸ್ ಆಪರೇಟಿಂಗ್ ಸಿಸ್ಟಂ ಓಡಬೇಕು. ಎಕ್ಸ್‌ವಿ6 ಅಮೆರಿಕದ ಎಂಐಟಿಯಲ್ಲಿ 2006ರಲ್ಲಿ ಪಾಠಕ್ಕೆಂದು ಬರೆದದ್ದು. 1975ರ ಯುನಿಕ್ಸ್ ಆರನೆಯ ಆವೃತ್ತಿಯ ಮಾದರಿ, ಕೆಲವೇ ಸಾವಿರ ಸಾಲು. ಲಿನಕ್ಸ್ ಕರ್ನಲ್‌ನಿಂದಲೇ ಶುರುಮಾಡುತ್ತೇನೆಂದು ಹೊರಡುವವರು ಹೆಚ್ಚಾಗಿ ಅದರ ಬೂಟ್ ಶಿಷ್ಟಾಚಾರದ ದಸ್ತಾವೇಜಿನಲ್ಲೇ ಕಳೆದುಹೋಗುತ್ತಾರೆ. ಮಂಡ್ಯದ ಕಾಲೇಜಿಗೆ ದಿನಾ ಬಸ್ಸಿನಲ್ಲಿ ಹೋಗಿಬರುವ ಎಂಜಿನಿಯರಿಂಗ್ ವಿದ್ಯಾರ್ಥಿಗೆ ಎಕ್ಸ್‌ವಿ6 ಒಂದು ಸೆಮಿಸ್ಟರಿನಲ್ಲಿ ಪೂರ್ತಿ ಅರಗುವಷ್ಟಿದೆ. ಎಂಐಟಿ 2019ರಿಂದ ರಿಸ್ಕ್-ಫೈವ್ ಆವೃತ್ತಿಗೆ ಹೊರಳಿದೆ. ನಮಗೆ ಬೇಕಾದದ್ದು ಅದರ ಹಿಂದಿನ ಎಕ್ಸ್86 ಆವೃತ್ತಿ. ಅದು ಈಗಲೂ ಗಿಟ್‌ಹಬ್‌ನಲ್ಲಿ ಸಿಗುತ್ತದೆ.

ಸಲಕರಣೆ

ಲಿನಕ್ಸ್ ಹಾಕಿದ ಯಾವ ಹಳೆಯ ಲ್ಯಾಪ್‌ಟಾಪ್ ಆದರೂ ನಡೆಯುತ್ತದೆ. ನಾಸ್ಮ್ ಅಸೆಂಬ್ಲರ್, ಜಿಸಿಸಿ, ಮೇಕ್, ಜಿಡಿಬಿ, ಗಿಟ್, ಕ್ಯೂಎಂಯು, ಇಷ್ಟನ್ನು ಇನ್‌ಸ್ಟಾಲ್ ಮಾಡಿಕೊಳ್ಳಿ. ಎಲ್ಲವೂ ಉಚಿತ, ಎಲ್ಲವೂ ಉಬುಂಟುವಿನ ಭಂಡಾರದಲ್ಲೇ ಇವೆ. ಜಿಸಿಸಿ 32 ಬಿಟ್ ಸಂಕೇತವನ್ನೂ ತಯಾರಿಸಬೇಕಾದ್ದರಿಂದ ಅದರ ‘ಮಲ್ಟಿಲಿಬ್’ ಪೊಟ್ಟಣವನ್ನೂ ಸೇರಿಸಿಕೊಳ್ಳಿ.

ಕ್ಯೂಎಂಯು ಅಂದರೆ ಕಂಪ್ಯೂಟರಿನೊಳಗೊಂದು ಕಂಪ್ಯೂಟರ್; ಫಾಬ್ರಿಸ್ ಬೆಲ್ಲಾರ್ 2003ರಲ್ಲಿ ಹೊರತಂದದ್ದು. ನಮ್ಮ ಪ್ರಯೋಗಗಳೆಲ್ಲ ಅದರೊಳಗೇ ನಡೆಯಲಿ. ಬೂಟ್‌ಲೋಡರ್ ಬರೆಯುವಾಗ ಒಂದು ತಪ್ಪಿಗೆ ಯಂತ್ರ ಸುಮ್ಮನೆ ನಿಂತುಬಿಡುತ್ತದೆ, ಏನಾಯಿತೆಂದು ಹೇಳುವ ಗೊಡವೆಗೂ ಹೋಗುವುದಿಲ್ಲ. ನಿಂತದ್ದು ಕಿಟಕಿಯೊಳಗಿನ ಯಂತ್ರವಾದರೆ ಮುಚ್ಚಿ ಮತ್ತೆ ತೆರೆದರಾಯಿತು.

ಯುಇಎಫ್‌ಐ ಬಿಟ್ಟು ಹಳೆಯ ಬಯೋಸ್ ಯಾಕೆ ಎಂದು ಕೇಳುವವರಿದ್ದಾರೆ. ಗುಂಡಿ ಒತ್ತಿದೊಡನೆ ಮೊದಲು ಓಡುವ, ಯಂತ್ರದೊಳಗೇ ಇರುವ ಕಾರ್ಯಕ್ರಮದ ಹೊಸ ಮತ್ತು ಹಳೆಯ ಬಗೆಗಳು ಇವೆರಡು; ನಾವು ಬಳಸುವುದು ಹಳೆಯದನ್ನು. ಹೊಸ ಯಂತ್ರಗಳಲ್ಲಿ ಬಯೋಸ್ ಮಾಯವಾಗುತ್ತಿರುವುದು ನಿಜ. ಆದರೆ ಯುಇಎಫ್‌ಐ ನಿಮ್ಮ ಕೈಗೆ ಬರುವಷ್ಟರಲ್ಲಿ ಅರ್ಧ ಕೆಲಸ ಮುಗಿಸಿರುತ್ತದೆ. ಪ್ರೊಸೆಸರನ್ನು 64 ಬಿಟ್‌ಗೆ ತಂದು, ಫೈಲ್ ಓದಿ, ಅಚ್ಚುಕಟ್ಟಾಗಿ ಬಡಿಸುತ್ತದೆ. ಅಡುಗೆ ಕಲಿಯಬೇಕಾದವರಿಗೆ ಅದು ಸಾಲದು.

ಎರಡು ಬೈಟಿನ ಮೊದಲ ಕಾರ್ಯಕ್ರಮ

1981ರ ಐಬಿಎಂ ಪಿಸಿಯ ಕಾಲದಿಂದ ಬಂದ ಕಟ್ಟಳೆ ಇದು. ಬಯೋಸ್ ಡಿಸ್ಕಿನ ಮೊಟ್ಟಮೊದಲ ಸೆಕ್ಟರನ್ನು, ಅಂದರೆ 512 ಬೈಟುಗಳನ್ನು, ಮೆಮೊರಿಯಲ್ಲಿ ಹೆಕ್ಸ್ 7ಸಿ00 ಎಂಬ ವಿಳಾಸಕ್ಕೆ ತಂದಿಡುತ್ತದೆ. ಕೊನೆಯ ಎರಡು ಬೈಟು 55 ಮತ್ತು ಎಎ ಆಗಿದ್ದರೆ ಅಲ್ಲಿಗೆ ಜಿಗಿಯುತ್ತದೆ. ಇಲ್ಲದಿದ್ದರೆ ‘ಬೂಟ್ ಆಗುವ ಡಿಸ್ಕ್ ಇಲ್ಲ’ ಎಂದು ಮುಂದಕ್ಕೆ ಹೋಗುತ್ತದೆ.

ಹಾಗಾಗಿ ಅತಿ ಚಿಕ್ಕ ಬೂಟ್ ಸೆಕ್ಟರ್ ಹೀಗಿರುತ್ತದೆ: ಮೊದಲ ಎರಡು ಬೈಟು ಇಬಿ, ಎಫ್‌ಇ. ‘ಇದ್ದಲ್ಲಿಗೇ ಮತ್ತೆ ಜಿಗಿ’ ಎಂದು ಅದರ ಅರ್ಥ. ಆಮೇಲೆ 508 ಸೊನ್ನೆಗಳು, ಕೊನೆಗೆ 55, ಎಎ. ನಾಸ್ಮ್‌ನಲ್ಲಿ ಇದನ್ನು ಮೂರು ಸಾಲಿನಲ್ಲಿ ಬರೆದು, ಔಟ್‌ಪುಟ್ ಬಗೆಯನ್ನು ‘ಬಿನ್’ ಎಂದು ಕೊಟ್ಟು ಕಂಪೈಲ್ ಮಾಡಿ. ಫೈಲಿನ ಗಾತ್ರ ಸರಿಯಾಗಿ 512 ಇರಬೇಕು. ಹೆಕ್ಸ್‌ಡಂಪ್‌ನಲ್ಲಿ ತೆರೆದು ಕೊನೆಯ ಎರಡು ಬೈಟನ್ನು ಕಣ್ಣಾರೆ ನೋಡಿಕೊಳ್ಳಿ. ಕ್ಯೂಎಂಯುಗೆ ಹಾರ್ಡ್‌ಡಿಸ್ಕ್ ಎಂದು ಇದನ್ನು ಕೊಟ್ಟಾಗ ‘ಹಾರ್ಡ್‌ಡಿಸ್ಕಿನಿಂದ ಬೂಟ್ ಆಗುತ್ತಿದೆ’ ಎಂಬಲ್ಲಿಗೆ ಬಂದು ಪರದೆ ನಿಂತರೆ ನಿಮ್ಮ ಕಾರ್ಯಕ್ರಮ ಓಡುತ್ತಿದೆ ಎಂದರ್ಥ. ನಿಂತುಕೊಳ್ಳುವುದೇ ಅದರ ಕೆಲಸ.

ಇನ್ನು ನಿಜವಾದ ಬರವಣಿಗೆ. ನಾಸ್ಮ್‌ಗೆ ಮೊದಲೇ ಹೇಳಬೇಕಾದ್ದು, ಈ ಸಂಕೇತ 7ಸಿ00ದಲ್ಲಿ ಕೂರುತ್ತದೆ ಎಂದು. ಅದಕ್ಕೆ ‘ಆರ್ಗ್’ ಸಾಲು. ಡಿಎಸ್, ಇಎಸ್, ಎಸ್‌ಎಸ್ ಎಂಬ ಮೂರು ಸೆಗ್ಮೆಂಟ್ ರಿಜಿಸ್ಟರುಗಳಿಗೆ ಸೊನ್ನೆ ತುಂಬಿ. ಬಯೋಸ್ ಅವುಗಳಲ್ಲಿ ಏನು ಬಿಟ್ಟಿರುತ್ತದೆಂದು ನಂಬಿ ಕೂರಬೇಡಿ, ಒಂದೊಂದು ಕಂಪನಿಯದು ಒಂದೊಂದು ರೀತಿ. ಸ್ಟ್ಯಾಕ್ 7ಸಿ00ದಿಂದ ಕೆಳಮುಖವಾಗಿ ಬೆಳೆಯಲಿ. ಡಿಎಲ್ ರಿಜಿಸ್ಟರಿನಲ್ಲಿ ಬಯೋಸ್ ಯಾವ ಡಿಸ್ಕಿನಿಂದ ಬಂದೆವೆಂಬ ಸಂಖ್ಯೆ ಇಟ್ಟಿರುತ್ತದೆ, ಮೊದಲ ಹಾರ್ಡ್‌ಡಿಸ್ಕಾದರೆ ಹೆಕ್ಸ್ 80. ಅದನ್ನು ಒಂದು ಬೈಟಿನಲ್ಲಿ ಜೋಪಾನ ಮಾಡಿ, ಮುಂದೆ ಡಿಸ್ಕ್ ಓದುವಾಗ ಬೇಕಾಗುತ್ತದೆ.

ಫಾಂಟೇ ಇಲ್ಲದ ಕಡೆ ಕನ್ನಡ

ಪರದೆಗೆ ಒಂದು ಅಕ್ಷರ ಬರೆಯುವುದು ಸುಲಭ. ಎಎಚ್‌ನಲ್ಲಿ 0ಇ, ಎಎಲ್‌ನಲ್ಲಿ ಅಕ್ಷರದ ಸಂಕೇತ ಇಟ್ಟು ಬಯೋಸಿನ 10ನೆಯ ಇಂಟರಪ್ಟ್ ಕರೆದರಾಯಿತು. ಈ 10 ಸಹ ಹೆಕ್ಸ್. ಇಂಗ್ಲಿಷ್ ಅಕ್ಷರ ಥಟ್ಟನೆ ಬರುತ್ತದೆ. ಕನ್ನಡದ ಮಾತು ಬೇರೆ. ಈ ಹಂತದಲ್ಲಿ ಯೂನಿಕೋಡ್ ಇಲ್ಲ, ನುಡಿ ತಂತ್ರಾಂಶವೂ ಇಲ್ಲ, ಒತ್ತಕ್ಷರ ಜೋಡಿಸಿಕೊಡುವವರಂತೂ ಯಾರೂ ಇಲ್ಲ. ಇರುವುದು ವಿಜಿಎ ಕಾರ್ಡಿನ 256 ಅಚ್ಚುಗಳು ಮಾತ್ರ.

ಆದರೆ ಆ ಅಚ್ಚುಗಳನ್ನು ಬದಲಿಸಲು ಬಾಗಿಲು ಇಟ್ಟಿದ್ದಾರೆ. ಒಂದು ಅಚ್ಚು ಅಂದರೆ 8 ಚುಕ್ಕೆ ಅಗಲ, 16 ಚುಕ್ಕೆ ಎತ್ತರದ ಚೌಕಳಿ. ಒಂದು ಸಾಲಿಗೆ ಒಂದು ಬೈಟು, ಒಟ್ಟು 16 ಬೈಟು. ಎಂಟು ಚುಕ್ಕೆಯ ಅಗಲದಲ್ಲಿ ಇಂಗ್ಲಿಷ್ ಅಕ್ಷರ ಕೂರುತ್ತದೆ, ನಮ್ಮ ಮಕಾರ ಕೂರುವುದಿಲ್ಲ. ಅದಕ್ಕೆ ಒಂದು ಅಕ್ಷರಕ್ಕೆ ಅಕ್ಕಪಕ್ಕದ ಎರಡು ಮನೆ ಕೊಡೋಣ. ಮ, ಳ, ವ, ಳ್ಳಿ: ನಾಲ್ಕು ಅಕ್ಷರ, ಎಂಟು ಮನೆ, 128 ಬೈಟು. ಇದೇ ಪದ ಯೂನಿಕೋಡ್‌ನ ಯುಟಿಎಫ್-8ರಲ್ಲಿ 21 ಬೈಟು. ಫಾಂಟನ್ನು ನಾವೇ ಹೊತ್ತು ತರುವುದರಿಂದ ಇಷ್ಟು ಭಾರ.

ಗಣಿತದ ಗ್ರಾಫ್ ಹಾಳೆ ತೆಗೆದುಕೊಂಡು 16ಕ್ಕೆ 16 ಚೌಕ ಗುರುತು ಮಾಡಿ. ಮೇಲಿನ 11 ಸಾಲು ಅಕ್ಷರದ ಮೈಗೆ, ಕೆಳಗಿನ 5 ಸಾಲು ಒತ್ತಿಗೆ. ‘ಳ್ಳಿ’ಗೆ ಮಾತ್ರ ಕೆಳಗಿನ ಸಾಲುಗಳು ಬೇಕು, ಆದರೂ ಮಿಕ್ಕ ಮೂರು ಅಕ್ಷರಗಳೂ ಅದೇ ಎತ್ತರದಲ್ಲಿ ನಿಲ್ಲಬೇಕಲ್ಲ. ‘ವ’ದಿಂದ ಶುರುಮಾಡಿ; ತಲೆಕಟ್ಟು ಎಳೆದು ಕೆಳಗೆ ದುಂಡಗಿನ ಮೈ ಬರೆದರೆ ಆಯಿತು. ಅದನ್ನೇ ಎಡಕ್ಕೆ ಸ್ವಲ್ಪ ಒತ್ತರಿಸಿ ಬಲಕ್ಕೊಂದು ಕೊಂಕು ಸೇರಿಸಿದರೆ ‘ಮ’. ‘ಳ್ಳಿ’ ಸತಾಯಿಸುತ್ತದೆ. ಐದು ಸಾಲಿನಲ್ಲಿ ಒತ್ತನ್ನು ಕೂರಿಸಲು ರಬ್ಬರು ಬೇಕೇಬೇಕು. ಗುಡಿಸು ಕೂಡ ಅದೇ ಹದಿನಾರು ಚುಕ್ಕೆಯ ಅಗಲದೊಳಗೇ ಮುಗಿಯಬೇಕು.

ಚಿತ್ರ ಸಿದ್ಧವಾದ ಮೇಲೆ ಒಂದೊಂದು ಸಾಲನ್ನೂ ನಡುವೆ ಸೀಳಿ. ತುಂಬಿದ ಚೌಕ 1, ಖಾಲಿ ಚೌಕ 0. ಎಡ ಅರ್ಧದಲ್ಲಿ 00111100 ಬಂದರೆ ಹೆಕ್ಸ್ 3ಸಿ, ಬಲ ಅರ್ಧದಲ್ಲಿ 00000110 ಬಂದರೆ 06. ಎಡ ಅರ್ಧದ ಹದಿನಾರೂ ಬೈಟು ಮೊದಲು, ಆಮೇಲೆ ಬಲ ಅರ್ಧದ ಹದಿನಾರು. ಸಾಲಿಗೊಂದರಂತೆ ಬೆರೆಸಿ ಬರೆದರೆ ಪರದೆಯ ಮೇಲೆ ಬರುವುದು ಯಾವ ಲಿಪಿಯೋ ಹೇಳಲಾಗುವುದಿಲ್ಲ.

ಈ ಅಚ್ಚುಗಳನ್ನು ಯಾವ ಸಂಖ್ಯೆಗಳ ಜಾಗದಲ್ಲಿ ಇಡಬೇಕು? ಯಾವುದಾದರೂ ಆಗುತ್ತದೆ ಎಂದುಕೊಂಡರೆ ಎಡ ಅರ್ಧಕ್ಕೂ ಬಲ ಅರ್ಧಕ್ಕೂ ನಡುವೆ ಕೂದಲೆಳೆಯಷ್ಟು ಸಂದು ಉಳಿದು ಅಕ್ಷರ ಒಡೆದಂತೆ ಕಾಣುತ್ತದೆ. ವಿಜಿಎ ಪರದೆಯ ಅಗಲ 720 ಚುಕ್ಕೆ, ಸಾಲಿಗೆ 80 ಅಕ್ಷರ. ಭಾಗಿಸಿ ನೋಡಿ, ಒಂದು ಅಕ್ಷರಕ್ಕೆ 9 ಚುಕ್ಕೆ ಬರುತ್ತದೆ. ಅಚ್ಚಿನಲ್ಲಿರುವುದು ಎಂಟೇ, ಒಂಬತ್ತನೆಯದು ಅಕ್ಷರಗಳು ತಾಗದಿರಲೆಂದು ಕಾರ್ಡೇ ಬಿಡುವ ಖಾಲಿ ಜಾಗ. ಇದಕ್ಕೊಂದು ವಿನಾಯಿತಿಯಿದೆ. ಹೆಕ್ಸ್ ಸಿ0ಯಿಂದ ಡಿಎಫ್‌ವರೆಗಿನ, ಅಂದರೆ 192ರಿಂದ 223ರವರೆಗಿನ ಸಂಕೇತಗಳಿಗೆ ಕಾರ್ಡು ಎಂಟನೆಯ ಚುಕ್ಕೆಯನ್ನೇ ಒಂಬತ್ತನೆಯ ಜಾಗಕ್ಕೂ ಎಳೆಯುತ್ತದೆ. ಕೋಷ್ಟಕದ ಗೆರೆಗಳು ತುಂಡಾಗದಿರಲಿ ಎಂದು ಮಾಡಿದ ಏರ್ಪಾಟು ಅದು. ಅದನ್ನು ನಾವು ಕನ್ನಡಕ್ಕೆ ಬಳಸಿಕೊಳ್ಳೋಣ. ಬಲ ಅರ್ಧದ ಕಟ್ಟಕಡೆಯ ಕಂಬಸಾಲನ್ನು ಮಾತ್ರ ಖಾಲಿ ಬಿಡಿ, ಇಲ್ಲದಿದ್ದರೆ ಮುಂದಿನ ಅಕ್ಷರಕ್ಕೆ ಅಂಟಿಕೊಳ್ಳುತ್ತದೆ.

ಅಚ್ಚು ಏರಿಸುವುದಕ್ಕೂ ಅದೇ 10ನೆಯ ಇಂಟರಪ್ಟ್. ಎಎಚ್‌ನಲ್ಲಿ ಹೆಕ್ಸ್ 11, ಎಎಲ್‌ನಲ್ಲಿ 0, ಬಿಎಚ್‌ನಲ್ಲಿ ಅಚ್ಚಿನ ಎತ್ತರ 16, ಬಿಎಲ್‌ನಲ್ಲಿ 0, ಸಿಎಕ್ಸ್‌ನಲ್ಲಿ ಅಚ್ಚುಗಳ ಎಣಿಕೆ 8, ಡಿಎಕ್ಸ್‌ನಲ್ಲಿ ಮೊದಲ ಸಂಕೇತ ಸಿ0. ಇಎಸ್ ಮತ್ತು ಬಿಪಿ ಸೇರಿ ನಿಮ್ಮ 128 ಬೈಟಿನ ಪಟ್ಟಿಯನ್ನು ತೋರಿಸಬೇಕು. ಕರೆ ಮುಗಿದ ಮೇಲೆ ಸಿ0ಯಿಂದ ಸಿ7ರವರೆಗೆ ಒಂದೊಂದಾಗಿ ಬರೆದರೆ ಪರದೆಯಲ್ಲಿ ಮಳವಳ್ಳಿ ಮೂಡುತ್ತದೆ.

ಹುಮ್ಮಸ್ಸಿದ್ದವರು ಮಂಡ್ಯ, ಮದ್ದೂರನ್ನೂ ಸೇರಿಸಬಹುದು. ಮೂರೂ ಊರಿಗೆ ‘ಮ’ ಒಂದೇ ಸಾಕು. ‘ದ್ದೂ’ಗೆ ಮಾತ್ರ ಧಾರಾಳವಾಗಿ ಮೂರು ಮನೆ ಕೊಡಿ. 32 ಸಂಕೇತಗಳ ಮಿತಿ ಮೀರುವುದಿಲ್ಲ.

ಎರಡನೆಯ ಹಂತಕ್ಕೆ ದಾರಿ

ಈಗ ಎಕ್ಸ್‌ವಿ6. ಅದಕ್ಕೆ ತನ್ನದೇ ಬೂಟ್‌ಲೋಡರ್ ಇದೆ, ಅದೂ ಒಂದೇ ಸೆಕ್ಟರಿನದು. 510 ಬೈಟು ಮೀರಿದರೆ ಅದರ ಬಿಲ್ಡೇ ನಿಂತುಬಿಡುತ್ತದೆ. ನಮ್ಮ 128 ಬೈಟಿನ ಅಕ್ಷರಮಾಲೆಯನ್ನು ಅಲ್ಲಿ ತುರುಕಲು ಜಾಗವಿಲ್ಲ. ದೊಡ್ಡವರು ಮಾಡುವುದನ್ನೇ ನಾವೂ ಮಾಡೋಣ. ಹಳೆಯ ಬಯೋಸ್ ಯಂತ್ರದಲ್ಲಿ ಲಿನಕ್ಸಿನ ಬೂಟ್‌ಲೋಡರಾದ ಗ್ರಬ್ ಕೂಡ ಮೊದಲ ಸೆಕ್ಟರಿನಲ್ಲಿ ಒಂದು ಪುಟ್ಟ ತುಣುಕಿಟ್ಟು, ಅದರಿಂದ ದೊಡ್ಡ ತುಣುಕನ್ನು ಎಳೆದುಕೊಳ್ಳುತ್ತದೆ. ನಮ್ಮ ಮೊದಲ ಹಂತ ಊರಿನ ಹೆಸರು ಬರೆದು ಎರಡನೆಯದನ್ನು ಓದುತ್ತದೆ. ಎರಡನೆಯ ಹಂತ ಎಕ್ಸ್‌ವಿ6ರ ಲೋಡರೇ, ಒಂದೆರಡು ತಿದ್ದುಪಡಿಯೊಂದಿಗೆ.

ಡಿಸ್ಕಿನ ಹಂಚಿಕೆ ಹೀಗಿರಲಿ: ಸೆಕ್ಟರ್ 0ಯಲ್ಲಿ ನಮ್ಮ ಸಂಕೇತ, 1ರಿಂದ 15ರವರೆಗೆ ಎರಡನೆಯ ಹಂತ, 16ರಿಂದ ಕರ್ನಲ್. ಓದಲು ಬಯೋಸಿನ ಹೆಕ್ಸ್ 13ನೆಯ ಇಂಟರಪ್ಟ್: ಎಎಚ್‌ನಲ್ಲಿ 2, ಎಎಲ್‌ನಲ್ಲಿ 15, ಸಿಎಚ್ ಮತ್ತು ಡಿಎಚ್‌ನಲ್ಲಿ 0, ಡಿಎಲ್‌ನಲ್ಲಿ ಆಗ ಜೋಪಾನ ಮಾಡಿದ ಸಂಖ್ಯೆ, ಬಿಎಕ್ಸ್‌ನಲ್ಲಿ 7ಇ00. ಸಿಎಲ್‌ನಲ್ಲಿ 2 ಇರಬೇಕು, 1 ಅಲ್ಲ. ಬಯೋಸಿನ ಈ ಹಳೆಯ ಎಣಿಕೆಯಲ್ಲಿ ಸೆಕ್ಟರುಗಳು 1ರಿಂದ ಶುರುವಾಗುತ್ತವೆ. ಒಂದು ಎಂದು ಕೊಟ್ಟರೆ ನಮ್ಮ ಬೂಟ್ ಸೆಕ್ಟರನ್ನೇ ಮತ್ತೆ ಓದಿ, ಅದೇ ಮತ್ತೆ ಓಡಿ, ಕೊನೆಯಿಲ್ಲದ ಪ್ರಹಸನವಾಗುತ್ತದೆ. ಕರೆಯ ನಂತರ ಕ್ಯಾರಿ ಫ್ಲ್ಯಾಗ್ ನೋಡಿ. ಅದು ಎದ್ದಿದ್ದರೆ ಓದು ವಿಫಲ. ಪರದೆಗೆ ಯಾವುದಾದರೂ ಒಂದು ಗುರುತಿನ ಅಕ್ಷರ ಬರೆದು ನಿಲ್ಲಿಸಿ. ಎಲ್ಲ ಸರಿಯಿದ್ದರೆ 7ಇ00ಗೆ ಜಿಗಿಯಿರಿ.

ಎಕ್ಸ್‌ವಿ6ರಲ್ಲಿ ತಿದ್ದಬೇಕಾದ್ದು ಮೂರು ಕಡೆ. ಮೇಕ್‌ಫೈಲಿನಲ್ಲಿ ಬೂಟ್‌ಬ್ಲಾಕ್ (ಅಂದರೆ ಆ ಲೋಡರ್) ಲಿಂಕ್ ಆಗುವ ವಿಳಾಸವನ್ನು 7ಸಿ00ದಿಂದ 7ಇ00ಗೆ ಬದಲಿಸಿ, ಅದಕ್ಕೆ ಸಹಿ ಹಾಕುವ ಪರ್ಲ್ ಸಾಲನ್ನು ತೆಗೆಯಿರಿ. ಎರಡನೆಯದೂ ಅದೇ ಫೈಲಿನಲ್ಲಿ: ಡಿಸ್ಕ್ ಚಿತ್ರ ತಯಾರಿಸುವ ‘ಡಿಡಿ’ ಸಾಲುಗಳಲ್ಲಿ ನಮ್ಮ ಬೂಟ್ ಸೆಕ್ಟರ್ 0ಗೆ, ಬೂಟ್‌ಬ್ಲಾಕ್ 1ಕ್ಕೆ, ಕರ್ನಲ್ 16ಕ್ಕೆ ಹೋಗಬೇಕು. ಮೂರನೆಯದು ಬೂಟ್‌ಮೇನ್ ಎಂಬ ಸಿ ಫೈಲಿನಲ್ಲಿ. ಆಫ್‌ಸೆಟ್ಟನ್ನು ಸೆಕ್ಟರ್ ಸಂಖ್ಯೆಗೆ ಪರಿವರ್ತಿಸುವ ಸಾಲಿನಲ್ಲಿ ಒಂದನ್ನು ಕೂಡುತ್ತಾರೆ, ಕರ್ನಲ್ 1ರಲ್ಲಿದೆ ಎಂಬ ಲೆಕ್ಕದಲ್ಲಿ. ಅಲ್ಲಿ 16 ಕೂಡಿ. ಹೊಸ ಜಿಸಿಸಿ ಈ ಹಳೆಯ ಸಂಕೇತದ ಬಗ್ಗೆ ತಕರಾರು ಎತ್ತುತ್ತದೆ. ಎಚ್ಚರಿಕೆಯನ್ನೇ ತಪ್ಪೆಂದು ನಿಲ್ಲಿಸುವ ‘ಡಬ್ಲ್ಯೂಎರರ್’ ಆಯ್ಕೆಯನ್ನು ಮೇಕ್‌ಫೈಲಿನಿಂದ ತೆಗೆದರೆ ಮುಂದಕ್ಕೆ ಹೋಗುತ್ತದೆ.

ಎರಡನೆಯ ಹಂತದೊಳಗೆ

ತಿದ್ದಿ ಓಡಿಸಿ ಮುಗಿಸಿಬಿಟ್ಟರೆ ಕಲಿತದ್ದು ಅರ್ಧವೇ. ಬೂಟ್‌ಆಸ್ಮ್ ಫೈಲನ್ನು ತೆರೆದು ಓದಿ, ನೂರು ಸಾಲೂ ಇಲ್ಲ. ಮೊದಲು ಎ20 ಎಂಬ ಗೆರೆಯನ್ನು ತೆರೆಯುತ್ತದೆ. 1978ರ 8086 ಚಿಪ್ಪಿಗೆ 20 ವಿಳಾಸಗೆರೆ, ಒಂದು ಮೆಗಾಬೈಟು ಮೆಮೊರಿ. ಅದು ದಾಟಿದರೆ ವಿಳಾಸ ಸುತ್ತಿ ಸೊನ್ನೆಗೆ ಬರುತ್ತಿತ್ತು. ಆ ಸುತ್ತುವಿಕೆಯನ್ನೇ ನೆಚ್ಚಿಕೊಂಡ ಕಾರ್ಯಕ್ರಮಗಳು ಕೆಡದಿರಲಿ ಎಂದು 1984ರ ಪಿಸಿ-ಎಟಿಯಲ್ಲಿ ಇಪ್ಪತ್ತೊಂದನೆಯ ಗೆರೆಗೆ ಒಂದು ಬೀಗ ಹಾಕಿದರು. ಬೀಗದ ಕೈ ಇಟ್ಟದ್ದು ಕೀಬೋರ್ಡ್ ನೋಡಿಕೊಳ್ಳುವ ಚಿಪ್ಪಿನಲ್ಲಿ, ಅಲ್ಲೊಂದು ಪಿನ್ ಖಾಲಿಯಿತ್ತೆಂದು! ಅದಕ್ಕೇ ಎಕ್ಸ್‌ವಿ6 ಕೀಬೋರ್ಡಿನ ಹೆಕ್ಸ್ 64, 60 ಪೋರ್ಟುಗಳಿಗೆ ಬರೆದು ಮೆಮೊರಿಯ ಬೀಗ ತೆಗೆಯುತ್ತದೆ.

ಆಮೇಲೆ ಜಿಡಿಟಿ, ಅಂದರೆ ಮೆಮೊರಿ ಸೆಗ್ಮೆಂಟುಗಳ ಪಟ್ಟಿ. ಎಂಟೆಂಟು ಬೈಟಿನ ಮೂರು ನಮೂದು: ಒಂದು ಖಾಲಿ, ಒಂದು ಸಂಕೇತಕ್ಕೆ, ಒಂದು ದತ್ತಾಂಶಕ್ಕೆ. ಅದನ್ನು ಪ್ರೊಸೆಸರಿಗೆ ತೋರಿಸಿ, ಸಿಆರ್0 ರಿಜಿಸ್ಟರಿನ ಕೊನೆಯ ಬಿಟ್ಟನ್ನು 1 ಮಾಡಿ, ಒಂದು ದೂರದ ಜಿಗಿತ. ಅಲ್ಲಿಂದಾಚೆಗೆ 32 ಬಿಟ್. ಬಯೋಸಿನ ಇಂಟರಪ್ಟುಗಳು ಇನ್ನು ಸಿಗುವುದಿಲ್ಲ. ಊರಿನ ಹೆಸರನ್ನು ಮೊದಲ ಹಂತದಲ್ಲೇ ಬರೆದು ಮುಗಿಸಿದ್ದು ಇದಕ್ಕೇ.

ಬೂಟ್‌ಮೇನ್‌ಗೆ ಈಗ ಡಿಸ್ಕನ್ನು ನೇರವಾಗಿ ಮಾತಾಡಿಸದೆ ವಿಧಿಯಿಲ್ಲ. 1ಎಫ್2ರಿಂದ 1ಎಫ್7ರವರೆಗಿನ ಪೋರ್ಟುಗಳಿಗೆ ಎಷ್ಟು ಸೆಕ್ಟರ್, ಎಲ್ಲಿಂದ, ಏನು ಮಾಡಬೇಕು ಎಂದು ಬರೆದು, 1ಎಫ್0ಯಿಂದ ನಾಲ್ಕು ನಾಲ್ಕು ಬೈಟಿನಂತೆ 128 ಸಲ ಎಳೆದುಕೊಂಡರೆ ಒಂದು ಸೆಕ್ಟರ್. ಕರ್ನಲ್ ಇರುವುದು ಇಎಲ್‌ಎಫ್ ಎಂಬ ರೂಪದಲ್ಲಿ. ಮೊದಲ ನಾಲ್ಕು ಬೈಟು 7ಎಫ್, 45, 4ಸಿ, 46 ಇದೆಯೇ ಎಂದು ನೋಡುತ್ತದೆ. ಇಲ್ಲದಿದ್ದರೆ ಕೈಚೆಲ್ಲುತ್ತದೆ. ಮೇಕ್‌ಫೈಲಿನ 16 ಮತ್ತು ಬೂಟ್‌ಮೇನಿನ 16 ಹೊಂದದಿದ್ದರೆ ನೀವು ಸಿಕ್ಕಿಬೀಳುವುದು ಇಲ್ಲೇ. ಹೊಂದಿದರೆ ಕರ್ನಲಿನ ಒಂದೊಂದು ಭಾಗವನ್ನೂ ಅದರ ಜಾಗಕ್ಕೆ, ಒಂದು ಮೆಗಾಬೈಟಿನಿಂದ ಮೇಲಕ್ಕೆ, ಇಡುತ್ತಾ ಹೋಗುತ್ತದೆ. ಭಾಗ ಫೈಲಿನಲ್ಲಿ ಇರುವುದಕ್ಕಿಂತ ಮೆಮೊರಿಯಲ್ಲಿ ದೊಡ್ಡದಿದ್ದರೆ ಉಳಿದದ್ದಕ್ಕೆ ಸೊನ್ನೆ ತುಂಬುತ್ತದೆ. ಮುಂದೆ ನಿಮ್ಮದೇ ಲೋಡರ್ ಬರೆಯುವಾಗ ಈ ಸೊನ್ನೆ ತುಂಬುವ ಸಾಲನ್ನು ಬಿಟ್ಟರೆ ಕ್ಯೂಎಂಯುನಲ್ಲಿ ಎಲ್ಲ ಚೆನ್ನಾಗಿ ನಡೆದುಬಿಡಬಹುದು, ಏಕೆಂದರೆ ಅದರ ಹೊಸ ಮೆಮೊರಿಯಲ್ಲಿ ಹೇಗೂ ಸೊನ್ನೆಯೇ ಇರುತ್ತದೆ. ನಿಜವಾದ ಯಂತ್ರದಲ್ಲಿ ಆ ಉಪಕಾರವಿಲ್ಲ.

ಕೈಕೊಟ್ಟಾಗ

ಪರದೆ ಮಿಣುಕಿ ಮಿಣುಕಿ ಮತ್ತೆ ಮತ್ತೆ ಬೂಟ್ ಆಗುತ್ತಿದ್ದರೆ ಅದು ಟ್ರಿಪಲ್ ಫಾಲ್ಟ್, ಅಂದರೆ ದೋಷವನ್ನು ನಿಭಾಯಿಸಲಾಗದೆ ಪ್ರೊಸೆಸರ್ ಮೊದಲಿನಿಂದ ಶುರುವಾಗುವುದು. ಸಾಮಾನ್ಯವಾಗಿ ಜಿಡಿಟಿಯಲ್ಲಿ ಬೈಟು ತಪ್ಪಿರುತ್ತದೆ. ಕ್ಯೂಎಂಯುಗೆ ‘ನೋ-ರೀಬೂಟ್’ ಆಯ್ಕೆ ಕೊಟ್ಟು, ಇಂಟರಪ್ಟುಗಳ ದಾಖಲೆಯನ್ನೂ ಬರೆಸಿದರೆ ಕೊನೆಯ ಘಳಿಗೆಯ ರಿಜಿಸ್ಟರುಗಳು ಸಿಗುತ್ತವೆ. ದೊಡ್ಡ ‘ಎಸ್’, ಚಿಕ್ಕ ‘ಎಸ್’ ಆಯ್ಕೆಗಳೊಂದಿಗೆ ಶುರುಮಾಡಿದರೆ ಯಂತ್ರ ಮೊದಲ ಸೂಚನೆಗೆ ಮೊದಲೇ ನಿಂತು, 1234ನೆಯ ಪೋರ್ಟಿನಲ್ಲಿ ಜಿಡಿಬಿಗಾಗಿ ಕಾಯುತ್ತದೆ. 7ಸಿ00ದಲ್ಲಿ ಒಂದು ಬ್ರೇಕ್‌ಪಾಯಿಂಟ್, 7ಇ00ದಲ್ಲಿ ಇನ್ನೊಂದು. ಮೊದಲನೆಯದಕ್ಕೆ ಬಂದು ಎರಡನೆಯದಕ್ಕೆ ಬರದಿದ್ದರೆ ತಪ್ಪು ಎಲ್ಲಿದೆಯೆಂದು ಹುಡುಕಲು ಹೆಚ್ಚು ಜಾಗ ಉಳಿಯುವುದಿಲ್ಲ.

ಎಲ್ಲ ಕೂಡಿಬಂದರೆ ಊರಿನ ಹೆಸರಿನ ಕೆಳಗೆ ಎಕ್ಸ್‌ವಿ6ರ ಸಾಲುಗಳು ಬಂದು ಡಾಲರ್ ಗುರುತು ಮಿನುಗುತ್ತದೆ. ನಾವು ಏರಿಸಿದ ಅಚ್ಚುಗಳು ವಿಜಿಎ ಕಾರ್ಡಿನಲ್ಲಿ ಹಾಗೇ ಉಳಿದಿರುತ್ತವೆ. ಎಕ್ಸ್‌ವಿ6ರ ‘ಇನಿಟ್’ ಕಾರ್ಯಕ್ರಮ ಶೆಲ್ ಶುರುಮಾಡುವಾಗ ಬರೆಯುವ ವಾಕ್ಯದಲ್ಲಿ ಸಿ0ಯಿಂದ ಸಿ7ರವರೆಗಿನ ಬೈಟುಗಳನ್ನು ಸೇರಿಸಿ ನೋಡಿ. ಆಪರೇಟಿಂಗ್ ಸಿಸ್ಟಂ ತಾನೇ ಮಳವಳ್ಳಿ ಎನ್ನುತ್ತದೆ. ಇದನ್ನು ಕ್ಯೂಎಂಯು ಕಿಟಕಿಯಲ್ಲೇ ನೋಡಬೇಕು. ಅದೇ ಬೈಟುಗಳು ಸೀರಿಯಲ್ ಮೂಲಕ ನಿಮ್ಮ ಟರ್ಮಿನಲ್ಲಿಗೂ ಹೋಗುತ್ತವೆ. ಅಲ್ಲಿ ಅವು ಯುಟಿಎಫ್-8 ಅಲ್ಲದ ಕಸ.

ಪೆನ್‌ಡ್ರೈವ್, ಮತ್ತು ಮುಂದೆ

ನಿಜವಾದ ಯಂತ್ರದಲ್ಲಿ ನೋಡುವ ಆಸೆ ಎಲ್ಲರಿಗೂ ಇರುತ್ತದೆ. ಬಯೋಸ್ ಇರುವ ಹಳೆಯ ಯಂತ್ರ ಬೇಕು, ಇಲ್ಲವೇ ಹಳೆಯ ರೀತಿಯ ಬೂಟಿಗೆ ಅವಕಾಶವಿರುವ ಸೆಟಪ್ ಬೇಕು. ಡಿಸ್ಕ್ ಚಿತ್ರವನ್ನು ‘ಡಿಡಿ’ಯಿಂದ ಪೆನ್‌ಡ್ರೈವ್‌ಗೆ ಬರೆಯುವ ಮೊದಲು ‘ಎಲ್‌ಎಸ್‌ಬಿಎಲ್‌ಕೆ’ ಓಡಿಸಿ, ಗಾತ್ರ ನೋಡಿ ಹೆಸರು ಖಚಿತ ಮಾಡಿಕೊಳ್ಳಿ. ಎಸ್‌ಡಿಎ, ಎಸ್‌ಡಿಬಿ: ಒಂದು ಅಕ್ಷರದ ವ್ಯತ್ಯಾಸಕ್ಕೆ ಲ್ಯಾಪ್‌ಟಾಪಿನ ಡಿಸ್ಕೇ ಅಳಿಸಿಹೋಗುತ್ತದೆ. ಕೆಲವು ಬಯೋಸ್‌ಗಳು ಪೆನ್‌ಡ್ರೈವನ್ನು ಫ್ಲಾಪಿ ಎಂದು ತಿಳಿದು ಸೆಕ್ಟರಿನ ಮೊದಲ ಭಾಗದಲ್ಲಿ ತಮ್ಮ ಲೆಕ್ಕ ಬರೆದುಬಿಡುತ್ತವೆ. ಶುರುವಿನಲ್ಲೇ ಒಂದು ಜಿಗಿತ ಇಟ್ಟು ಮೊದಲ 62 ಬೈಟನ್ನು ಖಾಲಿ ಬಿಡುವುದು ಕ್ಷೇಮ. ಪಾರ್ಟಿಷನ್ ಪಟ್ಟಿಯೂ ಬೇಕೆಂದರೆ 446ನೆಯ ಬೈಟಿನಿಂದ ಅದಕ್ಕೆ ಜಾಗ ಬಿಡಿ. ಪೆನ್‌ಡ್ರೈವಿನಿಂದ ಊರಿನ ಹೆಸರು ಬರುತ್ತದೆ, ಎಕ್ಸ್‌ವಿ6 ಬರುವುದಿಲ್ಲ. ಅದಕ್ಕೆ ಗೊತ್ತಿರುವುದು ಐಡಿಇ ಡಿಸ್ಕು ಮಾತ್ರ.

ಇಲ್ಲಿಂದ ಮುಂದೆ ನನ್ನ ಸಲಹೆ ಎಆರ್‌ಎಂ ಬೋರ್ಡುಗಳ ಕಡೆಗೆ. ಅಲ್ಲಿ ಬಯೋಸ್ ಎಂಬುದೇ ಇಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಮತ್ತು ಬೆಂಗಳೂರಿನ ಎನ್‌ಕೋರ್ ಸಂಸ್ಥೆಯವರು ಸೇರಿ ರೂಪಿಸಿದ ಸಿಂಪ್ಯೂಟರ್ ಇಂಥ ಯಂತ್ರವೇ: ಸ್ಟ್ರಾಂಗ್‌ಎಆರ್‌ಎಂ ಚಿಪ್ಪು, ಅದರ ಮೇಲೆ ಲಿನಕ್ಸ್. 2004ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಅದನ್ನು ‘ಅಮಿಡಾ’ ಎಂದು ತಯಾರಿಸಿತು. ಮಾರಾಟದಲ್ಲಿ ಗೆಲ್ಲಲಿಲ್ಲ, ಆದರೆ ಕೈಯಲ್ಲಿ ಹಿಡಿಯುವ ಲಿನಕ್ಸ್ ಯಂತ್ರವನ್ನು ಸೊನ್ನೆಯಿಂದ ಎಬ್ಬಿಸುವ ಕೆಲಸ ನಮ್ಮ ರಾಜ್ಯದಲ್ಲೇ ಅಷ್ಟು ಹಿಂದೆಯೇ ನಡೆದಿತ್ತು. ಇಂದು ಈ ಬಗೆಯ ಬೋರ್ಡುಗಳಲ್ಲಿ ಹೆಚ್ಚಾಗಿ ಇರುವುದು ವೋಲ್ಫ್‌ಗ್ಯಾಂಗ್ ಡೆಂಕ್ ಶುರುಮಾಡಿದ ಯು-ಬೂಟ್ ಎಂಬ ಬೂಟ್‌ಲೋಡರ್. ಅದರ ಮೂಲಸಂಕೇತಕ್ಕೆ ಬೆಂಗಳೂರಿನ ಎಂಜಿನಿಯರುಗಳ ಕೊಡುಗೆಯೂ ಸೇರಿದೆ.

ಬೀಗಲ್‌ಬೋನ್ ಬೋರ್ಡಿನಲ್ಲಿ ಚಿಪ್ಪಿನೊಳಗಿನ ರಾಮ್ ನೂರು ಕಿಲೋಬೈಟಿನ ಆಸುಪಾಸು. ದೊಡ್ಡ ಮೆಮೊರಿ ಇನ್ನೂ ಎಚ್ಚರವಾಗಿರುವುದಿಲ್ಲ. ಎಸ್‌ಪಿಎಲ್ ಎಂಬ ಪುಟ್ಟ ಮೊದಲ ಹಂತ ಅದನ್ನು ಎಬ್ಬಿಸಿ ಪೂರ್ಣ ಯು-ಬೂಟನ್ನು ಎಳೆದುಕೊಳ್ಳುತ್ತದೆ. ಎರಡು ಹಂತದ ಕಥೆ ನಿಮಗೆ ಈಗ ಹೊಸದಲ್ಲ. ಬೋರ್ಡು ಕೈಗೆ ಬಂದರೆ ಮೊದಲು 3.3 ವೋಲ್ಟಿನ ಯುಎಸ್‌ಬಿ-ಸೀರಿಯಲ್ ಕೇಬಲ್ ಕೊಳ್ಳಿ. 5 ವೋಲ್ಟಿನದು ಬೋರ್ಡಿಗೆ ಹಾನಿ. ವೇಗ 115200 ಇಟ್ಟು ಟರ್ಮಿನಲ್ ತೆರೆದುಕೊಂಡು ಕರೆಂಟ್ ಕೊಡಿ. ಎಣಿಕೆ ಸೊನ್ನೆಗೆ ಇಳಿಯುವಷ್ಟರಲ್ಲಿ ಸ್ಪೇಸ್ ಕೀ ಒತ್ತಿದರೆ ಲಿನಕ್ಸಿಗೆ ಹೋಗದೆ ಯು-ಬೂಟಿನ ಪ್ರಾಂಪ್ಟ್‌ನಲ್ಲೇ ನಿಲ್ಲುತ್ತದೆ. ಅಲ್ಲಿ ‘ಹೆಲ್ಪ್’ ಎಂದು ಟೈಪ್ ಮಾಡಿ ಶುರುಮಾಡಬಹುದು.